‘ಅವನನ್ನ ಕೇಳಿ ಹೇಳ್ತೀನಿ’

ಮಳೆಗಾಲದ ಕೊಡಗಿನಲ್ಲಿ ಫೋನ್ ಸಿಗ್ನಲ್ ಹೋಗುವುದು ಯಾರಿಗೂ ಸುದ್ದಿಯಲ್ಲ. ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಟವರ್ ಕೈಕೊಡುತ್ತದೆ, ಎರಡು ದಿನ ಫೋನು ಬರೀ ಟಾರ್ಚಾಗಿರುತ್ತದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಸಿಗ್ನಲ್ ಬಂದ ಕೂಡಲೇ ಅವನ ಮೊದಲ ಮಾತು ‘ಎಲ್ಲಿದ್ದೆ, ಯಾರ ಜೊತೆ ಇದ್ದೆ, ಫೋಟೋ ಕಳಿಸು’ ಎಂದಿದ್ದರೆ? ಆ ಮಾತಿಗೆ ಹೆದರಿ ಹುಡುಗಿ ಕೊಡೆ ಹಿಡಿದುಕೊಂಡು, ಜಿಗಣೆ ಹತ್ತಿಸಿಕೊಂಡು, ತೋಟದ ಗೇಟಿನ ಹತ್ತಿರ ಒಂದು ಕಡ್ಡಿ ಸಿಗ್ನಲ್ ಸಿಗುವ ಜಾಗಕ್ಕೆ ಗಂಟೆಗೊಮ್ಮೆ ಹೋಗಿ ನಿಲ್ಲತೊಡಗಿದರೆ? ಅವಳು ನಡೆಯುವ ರೀತಿಯನ್ನೇ ನೋಡಿ. ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಮುಂದೆ ಹಾಜರಿ ಹಾಕಿಸಿಕೊಳ್ಳಲು ಓಡುವ ಕೂಲಿಯ ನಡಿಗೆ ಅದು.

ದೌರ್ಜನ್ಯ ಎಂದರೆ ನಮ್ಮ ಜನ ಈಗಲೂ ಕಣ್ಣಿನ ಕೆಳಗಿನ ಕಪ್ಪು ಕಲೆಯನ್ನೇ ಹುಡುಕುತ್ತಾರೆ. ಕಲೆ ಕಾಣದಿದ್ದರೆ ‘ಗಂಡ ಹೆಂಡ್ತಿ ಜಗಳ, ಉಂಡು ಮಲಗೋ ತನಕ’ ಎಂದು ಮುಗಿಸುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಆಗಿದೆ ಎಂದು ಹೇಳಿದ್ದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಅಂಕಿ ಶೇ. 20.6 ಇತ್ತು. ಇವರೆಲ್ಲ ಯಾರದೋ ಮದುವೆಯಲ್ಲಿ, ಯಾರದೋ ಪುತ್ತರಿ ಸುಗ್ಗಿ ಹಬ್ಬದ ಊಟದಲ್ಲಿ ನಮ್ಮ ಪಕ್ಕದಲ್ಲೇ ಕೂತು ನಕ್ಕವರು. ನಮ್ಮ ಕಣ್ಣಿಗೆ ಬೀಳದಿರಲು ಕಾರಣ, ನಾವು ಕೊನೆಗೆ ಬರುವುದನ್ನು ಮೊದಲು ಹುಡುಕುತ್ತೇವೆ. ಏಟು ತಡವಾಗಿ ಬರುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅವಳ ಬದುಕು ಒಂದೊಂದೇ ಮಡಿಕೆ ಮಡಚಿಕೊಂಡು ಚಿಕ್ಕದಾಗುತ್ತಾ ಬಂದಿರುತ್ತದೆ.

ಆ ಮಡಚುವ ಕೆಲಸ ನಡೆಯುವ ರೀತಿ ಗೊತ್ತಿರಬೇಕು. ಅವನು ‘ಗೆಳತಿಯರ ಜೊತೆ ಹೋಗಬೇಡ’ ಎಂದು ಒಮ್ಮೆಯೂ ಹೇಳಿರುವುದಿಲ್ಲ. ‘ಹೋಗು, ನಂಗೇನು’ ಎನ್ನುತ್ತಾನೆ. ಹೋಗಿ ಬಂದರೆ ಎರಡು ದಿನ ಮಾತಿಲ್ಲ, ಮೆಸೇಜ್ ನೋಡಿಯೂ ಉತ್ತರವಿಲ್ಲ, ಮೂರನೆಯ ದಿನ ಅಳು, ‘ನಿಂಗೆ ನಾನು ಮುಖ್ಯ ಅಲ್ಲ’ ಎಂಬ ಮಾತು. ಮುಂದಿನ ಸಲ ಯಾರಾದರೂ ಕರೆದಾಗ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ. ಎರಡು ಗಂಟೆ ಸಂತೋಷಕ್ಕೆ ಮೂರು ದಿನದ ದಂಡ. ಬೇಡ ಎನಿಸುತ್ತದೆ. ಆಮೇಲೆ ನೀವು ಕೇಳಿದರೆ ಅವಳು ಸುಳ್ಳು ಹೇಳದೆಯೇ ಹೇಳುತ್ತಾಳೆ: ‘ಅವನೇನೂ ಬೇಡ ಅನ್ನಲಿಲ್ಲ, ನಾನೇ ಬರಲ್ಲ ಅಂದೆ.’ ಗೋಣಿಕೊಪ್ಪಕ್ಕೆ ಒಂದು ಕಾಫಿಗೆ ಕರೆದರೂ, ಕಸಿನ್ ಮದುವೆಗೆ ಯಾವ ಸೀರೆ ಎಂದು ಕೇಳಿದರೂ, ‘ಅವನನ್ನ ಕೇಳಿ ಹೇಳ್ತೀನಿ’ ಎಂಬ ಉತ್ತರ ಬರತೊಡಗುತ್ತದೆ.

ಗಂಡನನ್ನೋ ಹೆಂಡತಿಯನ್ನೋ ಕೇಳುವುದರಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಪ್ಪಿಲ್ಲ. ಒಟ್ಟಿಗೆ ಬದುಕುವವರು ಕೇಳಿಕೊಂಡೇ ಬದುಕುತ್ತಾರೆ. ನೋಡಬೇಕಾದ್ದು ಕೇಳಿದ ಮೇಲೆ ಏನಾಗುತ್ತದೆ ಎಂಬುದನ್ನು. ಅವಳು ಒಂದು ಸಣ್ಣ ವಿಷಯಕ್ಕೆ ‘ಇಲ್ಲ, ನಂಗೆ ಇದೇ ಬೇಕು’ ಎಂದರೆ ಅವನ ಮುಖ ಹೇಗಾಗುತ್ತದೆ, ಅವತ್ತಿನ ರಾತ್ರಿ ಹೇಗೆ ಕಳೆಯುತ್ತದೆ? ಜಗಳ ಆಗಿ, ಇಬ್ಬರೂ ಕೂಗಾಡಿ, ಮರುದಿನ ಇಬ್ಬರೂ ಸಪ್ಪಗೆ ಕೂತಿದ್ದರೆ ಅದು ಸಂಸಾರ. ಒಬ್ಬರು ಮಾತ್ರ ಹೆದರುತ್ತಿದ್ದರೆ, ಒಬ್ಬರು ಮಾತ್ರ ಕ್ಷಮೆ ಕೇಳುತ್ತಿದ್ದರೆ, ಅದೂ ತಾನು ಮಾಡದ ತಪ್ಪಿಗೆ, ಅಲ್ಲಿ ಬೇರೆಯೇ ಏನೋ ನಡೆಯುತ್ತಿದೆ. ನಿಶ್ಚಿತಾರ್ಥಕ್ಕೂ ಮದುವೆಗೂ ನಡುವಿನ ತಿಂಗಳುಗಳಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ. ಕಂಡೂ ಸುಮ್ಮನಿರುವುದು ಹಾಲ್ ಬುಕ್ ಆಗಿದೆ, ಕಾರ್ಡ್ ಹಂಚಿಯಾಗಿದೆ ಎಂಬ ಕಾರಣಕ್ಕೆ. ಹಾಲ್‌ನ ಅಡ್ವಾನ್ಸ್ ಹೋದರೆ ಹೋಗಲಿ, ಅದಕ್ಕಿಂತ ಅಗ್ಗದ ನಷ್ಟ ಇದರಲ್ಲಿ ಇನ್ನೊಂದಿಲ್ಲ.

ಫೋನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಇವತ್ತಿನ ಹುಡುಗರ ಹಗ್ಗ ಇರುವುದೇ ಅಲ್ಲಿ. ‘ನಂಬಿಕೆ ಇದ್ರೆ ಪಾಸ್‌ವರ್ಡ್ ಕೊಡು’ ಎಂಬಲ್ಲಿಂದ ಶುರುವಾಗುತ್ತದೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಿದರೆ ಅವಳ ಚಾಟ್ ಬೇರೆ ಯಾವ ಲ್ಯಾಪ್‌ಟಾಪಿನಲ್ಲಿ, ಯಾವ ಫೋನಿನಲ್ಲಿ ತೆರೆದುಕೊಂಡಿದೆ ಎಂಬುದು ಗೊತ್ತಾಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಅವಳ ಪ್ರೊಫೈಲ್ ಚಿತ್ರ ಒತ್ತಿ ‘ಲೊಕೇಷನ್ ಶೇರಿಂಗ್’ ನೋಡಬೇಕು. ಗೂಗಲ್ ಖಾತೆಯ ಭದ್ರತೆಯ ಪುಟದಲ್ಲಿ ಆ ಖಾತೆ ಎಷ್ಟು ಸಾಧನಗಳಲ್ಲಿ ತೆರೆದಿದೆ ಎಂಬ ಪಟ್ಟಿ ಇರುತ್ತದೆ. ಆದರೆ ಇಲ್ಲೊಂದು ಎಡವಟ್ಟು ಪದೇ ಪದೇ ಆಗುತ್ತದೆ. ಗೆಳತಿಯೊಬ್ಬಳು ಉತ್ಸಾಹದಲ್ಲಿ ಎಲ್ಲವನ್ನೂ ಆಫ್ ಮಾಡಿಕೊಡುತ್ತಾಳೆ. ಆ ಕ್ಷಣವೇ ಅವನಿಗೆ ಗೊತ್ತಾಗುತ್ತದೆ, ಆ ಸಂಜೆ ಮನೆಯಲ್ಲಿ ಅದಕ್ಕೆ ಲೆಕ್ಕ ಕೊಡುವವಳು ಅವಳು. ಹಾಗಾಗಿ ನೋಡಿ, ನೆನಪಿಡಿ, ಮುಟ್ಟಬೇಡಿ. ಸಹಾಯ ಕೇಳುವ ಕರೆಗಳನ್ನು ಬೇರೆಯವರ ಫೋನಿನಿಂದಲೇ ಮಾಡಿ. ಆಫ್ ಮಾಡುವುದು ಅವಳು ಸುರಕ್ಷಿತ ಜಾಗಕ್ಕೆ ಬಂದ ದಿನ.

ದುಡ್ಡಿನ ಗುರುತುಗಳು ಸುಲಭಕ್ಕೆ ಕಾಣುತ್ತವೆ, ಆದರೂ ಯಾರೂ ಅವನ್ನು ಹಿಂಸೆ ಎಂದು ಕರೆಯುವುದಿಲ್ಲ. ಅವಳ ಸಂಬಳ ಬರುವ ಖಾತೆಯ ಎಟಿಎಂ ಕಾರ್ಡ್ ಅವನ ಪರ್ಸಿನಲ್ಲಿ. ಅವಳ ಹೆಸರಲ್ಲಿ ಬೈಕಿನ ಸಾಲ, ಸಂಘದ ಸಾಲ, ಚಿನ್ನ ಅಡವಿಟ್ಟ ಚೀಟಿ. ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ‘ಜೋಪಾನವಾಗಿ’ ಅವನ ಬೀರುವಿನಲ್ಲಿ. ತೋಟದ ಕೂಲಿಗಳು ಇರುವ ಲೈನ್‌ಮನೆಗಳಲ್ಲಿ ಬಟವಾಡೆ ದಿನ ಗಂಡ ಹೆಂಡತಿ ಇಬ್ಬರ ಕೂಲಿಯನ್ನೂ ಗಂಡನ ಕೈಗೇ ಎಣಿಸಿ ಕೊಡುವ ರೂಢಿ ಕೆಲವು ತೋಟಗಳಲ್ಲಿ ಇನ್ನೂ ಇದೆ. ತೋಟದ ಮಾಲೀಕರು ಓದುತ್ತಿದ್ದರೆ ಒಂದು ಮಾತು: ಅವಳ ಕೂಲಿ ಅವಳ ಕೈಗೆ, ಅಥವಾ ಅವಳೊಬ್ಬಳದೇ ಖಾತೆಗೆ ಹೋಗಲಿ. ನಿಮಗೆ ಅದಕ್ಕೆ ಹೆಚ್ಚು ಖರ್ಚಾಗುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ ಹಿಂಸೆಯ ಸಾಲಿನಲ್ಲೇ ಆರ್ಥಿಕ ಹಿಂಸೆಯನ್ನೂ ಇಟ್ಟಿದೆ.

‘ಕುಡಿದಾಗ ಮಾತ್ರ ಹಾಗೆ, ಇಲ್ಲದಿದ್ದರೆ ಚಿನ್ನದಂಥ ಹುಡುಗ.’ ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಮದುವೆ, ಹಬ್ಬ, ತಿಥಿ ಎಲ್ಲದರಲ್ಲೂ ಗ್ಲಾಸ್ ಇರುವ ಊರು ನಮ್ಮದು, ಕುಡಿಯುವವರೆಲ್ಲ ಹೊಡೆಯುವುದಿಲ್ಲ. ಹೊಡೆಯುವವನನ್ನು ಗಮನಿಸಿ. ಕುಡಿದ ಅಮಲಿನಲ್ಲಿ ಅವನು ಬಾರಿನವನಿಗೆ ಹೊಡೆದನೇ? ದಾರಿಯಲ್ಲಿ ಸಿಕ್ಕ ಎಸ್‌ಐಗೆ? ಮನೆ ತನಕ ಬೈಕ್ ಸರಿಯಾಗಿ ಓಡಿಸಿಕೊಂಡು ಬಂದು, ಬಾಗಿಲು ಹಾಕಿಕೊಂಡು, ಆಮೇಲೆ ‘ಮೈಮೇಲೆ ಪ್ರಜ್ಞೆ ಇರಲಿಲ್ಲ’ ಎನ್ನುತ್ತಾನೆ. ಸಿಟ್ಟಿನಲ್ಲಿ ಒಡೆದುಹಾಕಿದ ವಸ್ತುಗಳನ್ನೂ ನೋಡಿ: ಅವಳ ಫೋನು, ಅವಳ ತಾಯಿ ಕೊಟ್ಟ ಪಾತ್ರೆ, ಅವಳ ಫೋಟೋ ಫ್ರೇಮು. ಅವನ ಟಿವಿ, ಅವನ ಫೋನು ಗಟ್ಟಿಯಾಗಿಯೇ ಇರುತ್ತವೆ. ಕುಡಿತ ಏಟಿನ ಜೋರನ್ನು ಹೆಚ್ಚಿಸುತ್ತದೆ ನಿಜ. ಕುಡಿತ ಬಿಡಿಸಿದ ಮಾತ್ರಕ್ಕೆ ಹಾಜರಿ ಕೇಳುವ ಚಟ ಹೋಗುವುದಿಲ್ಲ.

ಇನ್ನು ಗಾಯಗಳು. ಹೊರಗಿನ ಬರಹಗಳಲ್ಲಿ ‘ಬೇಸಿಗೆಯಲ್ಲೂ ತುಂಬುತೋಳಿನ ಬಟ್ಟೆ ಹಾಕಿದರೆ ಅನುಮಾನಿಸಿ’ ಎಂದಿರುತ್ತದೆ. ಮಡಿಕೇರಿಯ ಜುಲೈನಲ್ಲಿ ಇಡೀ ಊರೇ ಸ್ವೆಟರ್‌ನಲ್ಲಿರುತ್ತದೆ, ಆ ಸಲಹೆ ನಮಗೆ ಉಪಯೋಗವಿಲ್ಲ. ‘ಪಾಚಿಯಲ್ಲಿ ಜಾರಿ ಬಿದ್ದೆ’ ಎಂಬ ಮಾತು ಕೂಡ ಇಲ್ಲಿ ನಂಬುವಂಥದ್ದೇ, ಮಳೆಗಾಲದ ಅಂಗಳದಲ್ಲಿ ಜಾರದವರು ಯಾರು. ಆದರೆ ಜಾರಿ ಬಿದ್ದವರಿಗೆ ಪೆಟ್ಟಾಗುವುದು ಮೈಯಿಂದ ಮುಂದೆ ಚಾಚಿದ ಎಲುಬಿನ ಜಾಗಗಳಿಗೆ: ಅಂಗೈ, ಮೊಣಕಾಲು, ಮೊಣಕೈ, ಹಣೆ, ಸೊಂಟದ ಪಕ್ಕ. ಕಿವಿಯ ಹಿಂದೆ, ಕೆನ್ನೆಯ ಮೆತ್ತಗಿನ ಭಾಗದಲ್ಲಿ, ಕುತ್ತಿಗೆಯಲ್ಲಿ, ತೊಡೆಯ ಒಳಭಾಗದಲ್ಲಿ ಬಿದ್ದು ಪೆಟ್ಟಾಗುವುದು ಅಪರೂಪ. ತೋಳಿನ ಒಳಮೈಯಲ್ಲಿ ಸಾಲಾಗಿ ಮೂರು ನಾಲ್ಕು ದುಂಡನೆ ಕಲೆ, ಎದುರು ಬದಿಗೆ ಒಂದು ಇದ್ದರೆ ಅವು ಬೆರಳುಗಳು, ಆ ಒಂದು ಹೆಬ್ಬೆರಳು. ಮುಂಗೈಯ ಹೊರಮೈಯಲ್ಲಿ ಉದ್ದನೆ ಕಲೆ ಇದ್ದರೆ ಅವಳು ಮುಖಕ್ಕೆ ಕೈ ಅಡ್ಡ ಹಿಡಿದಿದ್ದಾಳೆ. ಕಲೆಯ ಬಣ್ಣ ನೋಡಿ ಇಷ್ಟೇ ದಿನದ್ದು ಎಂದು ಹೇಳಲು ಮಾತ್ರ ಹೋಗಬೇಡಿ, ಅದು ವೈದ್ಯರಿಗೂ ಖಚಿತವಾಗಿ ಸಾಧ್ಯವಿಲ್ಲ.

ಫೋಟೋ ತೆಗೆಯುವುದಾದರೆ ಮೊದಲು ಮುಖವೂ ಗಾಯವೂ ಒಟ್ಟಿಗೆ ಕಾಣುವ ಹಾಗೆ ಒಂದು, ಆಮೇಲೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಹತ್ತಿರದಿಂದ ಒಂದು. ಎರಡನೇ ಮೂರನೇ ದಿನವೂ ತೆಗೆಯಿರಿ, ಕಲೆ ಗಾಢವಾಗುವುದು ಆಗಲೇ. ಅವಳ ಫೋನಿನಲ್ಲಿ ಇಡಬೇಡಿ. ಆಸ್ಪತ್ರೆಯಲ್ಲಿ ಮರ್ಯಾದೆಗೆ ಅಂಜಿ ‘ಮೆಟ್ಟಿಲಿಂದ ಬಿದ್ದೆ’ ಎಂದುಬಿಡುತ್ತಾರೆ. ವೈದ್ಯರು ಅದನ್ನೇ ಚೀಟಿಯಲ್ಲಿ ಬರೆಯುತ್ತಾರೆ. ಎರಡು ವರ್ಷದ ಮೇಲೆ ನ್ಯಾಯಾಲಯದಲ್ಲಿ ಎದುರು ಪಕ್ಷದ ವಕೀಲರು ಎತ್ತಿ ಹಿಡಿಯುವ ಮೊದಲ ಕಾಗದ ಆ ಚೀಟಿ. ಯಾರು, ಯಾವುದರಿಂದ, ಎಲ್ಲಿಗೆ ಹೊಡೆದರು ಎಂದು ವೈದ್ಯರಿಗೆ ನಿಜ ಹೇಳಿ, ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಆಧಾರವಾಗುವ ವೈದ್ಯಕೀಯ ದಾಖಲೆ, ಮಾಡಿಸಿ.

ಕುತ್ತಿಗೆ ಹಿಸುಕಿದ್ದರೆ ಉಳಿದದ್ದೆಲ್ಲ ಬದಿಗಿರಲಿ. ‘ಸುಮ್ಮನೆ ಹೆದರಿಸೋಕೆ ಹಿಡಿದ’ ಎಂದು ಅವಳೇ ಹಗುರ ಮಾಡುತ್ತಾಳೆ. ಕುತ್ತಿಗೆಯ ರಕ್ತನಾಳ ಒತ್ತಿದರೆ ಹತ್ತು ಸೆಕೆಂಡಿನೊಳಗೆ ಪ್ರಜ್ಞೆ ತಪ್ಪಬಹುದು, ಹೊರಗೆ ಒಂದು ಗೆರೆಯೂ ಕಾಣದಿರಬಹುದು. ದನಿ ಒಡೆದಿದೆಯೇ, ನುಂಗಲು ನೋವಾಗುತ್ತದೆಯೇ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ ಇವೆಯೇ, ಆಗ ಬಟ್ಟೆಯಲ್ಲೇ ಮೂತ್ರ ಹೋಗಿತ್ತೇ ಎಂದು ಕೇಳಿ. ಒಂದಕ್ಕೆ ಹೌದು ಎಂದರೂ ಅಂದೇ ಆಸ್ಪತ್ರೆಗೆ. ಒಳಗೆ ರಕ್ತನಾಳ ಸೀಳಿದ್ದರೆ ದಿನಗಳ ನಂತರ ಲಕ್ವ ಹೊಡೆಯಬಹುದು. ಒಮ್ಮೆ ಕುತ್ತಿಗೆ ಹಿಸುಕಿದವನು ಮುಂದೆ ಕೊಲ್ಲುವ ಅಪಾಯ ಹಲವು ಪಟ್ಟು ಹೆಚ್ಚು ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಒಪ್ಪುವ ಮಾತು.

ಅಪಾಯದ ಪಟ್ಟಿಯಲ್ಲಿ ಕೊಡಗಿಗೇ ಸೇರಿದ್ದು ಇನ್ನೊಂದಿದೆ, ಕೋವಿ. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಆಯುಧಗಳ ಹಬ್ಬವಾದ ಕೈಲ್‌ಪೋಳ್ದ್‌ಗೆ ಹೂವಿಟ್ಟು ಪೂಜಿಸುವ ಕೋವಿ ಅದು, ಆ ಸಂಪ್ರದಾಯದ ಮೇಲೆ ನಮಗೆ ಯಾವ ತಕರಾರೂ ಇಲ್ಲ. ಆದರೆ ‘ಕೋವಿ ತೆಗೀತೀನಿ’ ಎಂದು ಒಮ್ಮೆ ಹೇಳಿದವನ ಮನೆಯ ಗೋಡೆಯಲ್ಲಿ ಅದು ನೇತಾಡಬಾರದು. ಒಕ್ಕದ, ಅಂದರೆ ಕುಲದ, ಹಿರಿಯರೊಬ್ಬರು ಯಾವುದೋ ನೆಪದಲ್ಲಿ ಅದನ್ನೂ ಗುಂಡಿನ ತೋಟೆಗಳನ್ನೂ ಕುಲದ ಮೂಲಮನೆಯಾದ ಐನ್‌ಮನೆಗೆ ಒಯ್ದರೆ ಅರ್ಧ ಕೆಲಸ ಆದಂತೆ. ಆಗದಿದ್ದರೆ, ಹಿಂಸೆಗೆ ಬಳಸಿದ ಆಯುಧವನ್ನು ವಶಕ್ಕೆ ತೆಗೆದುಕೊಳ್ಳುವಂತೆ ಮ್ಯಾಜಿಸ್ಟ್ರೇಟರು ಸಂರಕ್ಷಣಾಧಿಕಾರಿಗೆ ಹೇಳಬಹುದು, 2005ರ ಕಾಯ್ದೆಯಡಿ ಬಂದ 2006ರ ನಿಯಮಗಳಲ್ಲಿ ಅದಕ್ಕೆ ಅವಕಾಶವಿದೆ. ಅರ್ಜಿಯಲ್ಲಿ ಕೋವಿಯ ಮಾತನ್ನು ತಪ್ಪದೆ ಬರೆಸಿ. ಅವಳು ಬಸುರಿಯಾಗಿದ್ದರೆ, ‘ನೀನು ಹೋದರೆ ಸಾಯ್ತೀನಿ’ ಎಂದು ಅವನು ಹೇಳುತ್ತಿದ್ದರೆ, ಅವಳು ಬಿಟ್ಟು ಹೊರಡುವ ತಯಾರಿಯಲ್ಲಿದ್ದರೆ ಇನ್ನೂ ಎಚ್ಚರ. ಅತಿ ಕೆಟ್ಟ ಹಲ್ಲೆಗಳು ನಡೆಯುವುದು ಹೊರಡುವ ದಿನ ಮತ್ತು ಅದರ ನಂತರದ ವಾರಗಳಲ್ಲಿ.

ಮನೆಯವರು ಮಾಡುವ ತಪ್ಪುಗಳು ಹೆಚ್ಚುಕಡಿಮೆ ಒಂದೇ ನಮೂನೆಯವು. ಅಣ್ಣ ಅವನಿಗೆ ಫೋನ್ ಮಾಡಿ ಗದರಿಸುತ್ತಾನೆ, ಗದರಿಕೆಯ ಬಡ್ಡಿ ರಾತ್ರಿ ಅವಳ ಮೈಮೇಲೆ ವಸೂಲಾಗುತ್ತದೆ. ‘ಒಂದು ಮಗು ಆದರೆ ಸರಿ ಹೋಗುತ್ತೆ’ ಎನ್ನುತ್ತಾಳೆ ತಾಯಿ. ಹಿರಿಯರು ಇಬ್ಬರನ್ನೂ ಒಂದೇ ಸೋಫಾದಲ್ಲಿ ಕೂರಿಸಿ ‘ಏನಮ್ಮ, ನಿನ್ನ ಕಷ್ಟ ಹೇಳು’ ಎನ್ನುತ್ತಾರೆ. ಅವನ ಮೊಣಕಾಲು ಅವಳ ಮೊಣಕಾಲಿಗೆ ತಾಗುತ್ತಿರುವಾಗ ಅವಳು ಏನು ಹೇಳಿಯಾಳು? ಹೇಳಿದರೆ, ವಾಪಸ್ ಹೋಗುವ ಜೀಪಿನಲ್ಲಿ ಅದಕ್ಕೆ ಉತ್ತರ ಸಿಗುತ್ತದೆ. ಭಯ ಇರುವ ಮನೆಗೆ ಜಂಟಿ ಪಂಚಾಯಿತಿಯೂ ಬೇಡ, ಜಂಟಿ ಕೌನ್ಸೆಲಿಂಗೂ ಬೇಡ. ಅವಳ ಮಾತನ್ನು ಬೇರೆಯಾಗಿ, ಬೇರೆ ದಿನ ಕೇಳಿ.

ಕೊಡವ ಮದುವೆಯಲ್ಲಿ ಸಂಬಂಧ ಕೊಡುವಾಗ ಹನ್ನೆರಡು ಕಲ್ಲುಗಳ ಲೆಕ್ಕವಿದೆ. ಎರಡೂ ಕಡೆಯ ಪರವಾಗಿ ಮಾತಾಡುವ ಅರುವರ ನಡುವೆ ಕೈ ಬದಲಾಗುವ ಆ ಕಲ್ಲುಗಳಲ್ಲಿ ಒಂದು ಮಾತ್ರ ತವರಿನ ಪಾಲಿಗೇ ಉಳಿಯುತ್ತದೆ, ಹುಡುಗಿಯ ತವರಿನ ನಂಟು ಕಡಿದಿಲ್ಲ ಎಂಬುದಕ್ಕೆ ಗುರುತಾಗಿ. ವಿಡಿಯೋದವರು ಆ ಶಾಸ್ತ್ರವನ್ನು ಚೆನ್ನಾಗಿಯೇ ಹಿಡಿದಿರುತ್ತಾರೆ. ಅದೇ ಮನೆಯಲ್ಲಿ ಆರು ತಿಂಗಳ ನಂತರ ರಾತ್ರಿ ಎಂಟಕ್ಕೆ ಮಗಳು ಬ್ಯಾಗ್ ಹಿಡಿದು ಬಂದರೆ ‘ನಾಳೆ ಬೆಳಿಗ್ಗೆ ನಾವೇ ಬಿಟ್ಟು ಬರ್ತೀವಿ’ ಎಂಬ ಮಾತು ಕೇಳಿಬರುವುದೂ ಉಂಟು. ಆ ಒಂದು ಕಲ್ಲು ಯಾತಕ್ಕೆ ಇಟ್ಟುಕೊಂಡಿದ್ದು ಮತ್ತೆ?

ಮಾತಾಡಿಸುವುದಾದರೆ ಸ್ಪೀಕರ್ ಫೋನಿನ ಅನುಮಾನ ಸದಾ ಇರಲಿ. ‘ಅವನು ನಿನಗೆ ಹಿಂಸೆ ಕೊಡ್ತಾನಾ’ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಖಂಡಿತ, ಆ ಪದದ ಒಳಗೆ ತಾನಿದ್ದೇನೆ ಎಂದು ಅವಳಿಗೇ ಅನಿಸಿರುವುದಿಲ್ಲ. ಸಣ್ಣದಾಗಿ ಕೇಳಿ. ‘ಅವನ ಬೈಕ್ ಸದ್ದು ಕೇಳಿದಾಗ ಹೊಟ್ಟೆಯಲ್ಲಿ ಏನಾಗುತ್ತೆ?’ ‘ಮಲಗೋಕೆ ಮನಸ್ಸಿಲ್ಲದಾಗ ಬೇಡ ಅನ್ನೋಕಾಗುತ್ತಾ?’ ಕೇಳಿದ ಮೇಲೆ ಸುಮ್ಮನಿರಿ. ‘ನಾನಾಗಿದ್ದರೆ ಅವತ್ತೇ ಬಿಟ್ಟು ಬರ್ತಿದ್ದೆ’ ಎಂಬ ವಾಕ್ಯ ಬಾಯಿಂದ ಬಂದರೆ ಆ ಬಾಗಿಲು ಮುಚ್ಚಿತು. ಅವನನ್ನು ಬೈದರೂ ಕಷ್ಟ, ಅವಳೇ ಅವನ ಪರ ವಾದಿಸಬೇಕಾಗುತ್ತದೆ.

ಕಾನೂನಿನ ದಾರಿ ಜನ ಅಂದುಕೊಂಡಷ್ಟು ದೂರವಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಸಂರಕ್ಷಣಾಧಿಕಾರಿ, ಅಂಗನವಾಡಿ ಕಾರ್ಯಕರ್ತೆಯ ಮೂಲಕವೂ ಅವರನ್ನು ಮುಟ್ಟಬಹುದು. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಕಳಿಸುತ್ತಾರೆ. ಅರ್ಜಿ ಸೇರಿದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ವಾಸ್ತವದಲ್ಲಿ ಎಳೆಯುತ್ತದೆ, ಆದ್ದರಿಂದ 23ನೇ ಕಲಮಿನ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತವರಿಗೋ ಬೆಂಗಳೂರಿನ ಪಿಜಿಗೋ ಓಡಿ ಹೋಗಿದ್ದರೆ ಅಲ್ಲಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಪಕ್ಕದ ಮನೆಯವರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ.

‘ಇದು ಒಕ್ಕದ ಆಸ್ತಿ, ಜಮ್ಮಾ ಜಾಗ, ನಿಂದೇನಿದೆ ಇಲ್ಲಿ’ ಎಂಬ ಬೆದರಿಕೆಗೆ ಹೆದರಿ ಹೊರಬಂದವರು ಬಹಳ. ಒಡೆತನ ಬೇರೆ, ವಾಸದ ಹಕ್ಕು ಬೇರೆ. ಅವಳು ಸಂಸಾರ ಮಾಡಿದ ಮನೆ ಕೂಡುಕುಟುಂಬದ್ದಾಗಿರಲಿ, ಬಾಡಿಗೆಯದ್ದಾಗಿರಲಿ, ಕಾನೂನಿನ ಕ್ರಮವಿಲ್ಲದೆ ಅವಳನ್ನು ಹೊರಹಾಕುವಂತಿಲ್ಲ. ಅತ್ತೆ ಮಾವನ ಹೆಸರಲ್ಲಿದ್ದ ಮನೆಗೂ ಇದು ಅನ್ವಯಿಸಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮದುವೆಯಾಗದೆ ಗಂಡ ಹೆಂಡತಿಯಂತೆ ಒಟ್ಟಿಗೆ ಬಾಳುತ್ತಿರುವವರೂ ಈ ಕಾಯ್ದೆಯ ಒಳಗೆ ಬರುತ್ತಾರೆ. ಬರೀ ಪ್ರೀತಿಸುತ್ತಿರುವ ಕಾಲೇಜು ಹುಡುಗಿಗೆ ಈ ಕಾಯ್ದೆ ಸಿಗದು, ಆದರೆ ಹಿಂಬಾಲಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಹಿಂದಿನ ಐಪಿಸಿ 498ಎ ಈಗ ಈ ಸಂಹಿತೆಯ 85 ಆಗಿದೆ. 18 ತುಂಬದವಳಾದರೆ ಮಕ್ಕಳ ಸಹಾಯವಾಣಿ 1098. ಹೆದರಿ ಬದುಕುವವನು ಹುಡುಗನಾಗಿದ್ದರೆ ಗುರುತುಗಳು ಇವೇ, 2005ರ ಕಾಯ್ದೆ ಮಾತ್ರ ಅವನಿಗಿಲ್ಲ, ಹಲ್ಲೆ ಮತ್ತು ಬೆದರಿಕೆಯ ಸಾಮಾನ್ಯ ಕಲಮುಗಳೇ ಗತಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ವಕೀಲರಿಗೆ 15100. ಹೆಂಗಸರಿಗೆ ಕಾನೂನು ನೆರವು ಪಡೆಯಲು ಆದಾಯದ ಮಿತಿ ಇಲ್ಲ. ಹಿಂಸೆಗೊಳಗಾದ ಹೆಂಗಸರಿಗಾಗಿ ಇರುವ ಸರ್ಕಾರದ ಸಖಿ ಕೇಂದ್ರದಲ್ಲಿ ತಾತ್ಕಾಲಿಕವಾಗಿ ಐದು ದಿನದವರೆಗೆ ಉಳಿಯಬಹುದು.

ಹೊರಡುವ ಯೋಜನೆಯಲ್ಲಿ ಪೇಟೆಯವರ ಸಲಹೆ ಇಲ್ಲಿ ನಡೆಯುವುದಿಲ್ಲ. ‘ರಾತ್ರಿ ಅವನು ಮಲಗಿದ ಮೇಲೆ ಹೊರಡು’ ಎನ್ನುತ್ತಾರೆ, ತೋಟದ ದಾರಿಯಲ್ಲಿ ಆ ಹೊತ್ತಿಗೆ ಆನೆ ನಿಂತಿರುತ್ತದೆ. ಹಗಲೇ ಆಗಬೇಕು, ಅವನು ಕಾಫಿ ಕ್ಯೂರಿಂಗ್‌ಗೋ ಸಂತೆಗೋ ಹೋದ ಹೊತ್ತು ನೋಡಿ. ರಾತ್ರಿಯೇ ಓಡಬೇಕಾಗಿ ಬಂದರೆ ಯಾವ ಲೈನ್‌ಮನೆಯ ಬಾಗಿಲು ಎಂಬುದು ಮೊದಲೇ ಗೊತ್ತಿರಬೇಕು. ಗಲಾಟೆ ಶುರುವಾದಾಗ ಅಡುಗೆಮನೆ, ಸೌದೆ ಕೊಟ್ಟಿಗೆ, ಕೋವಿಯ ಕೋಣೆ ಕಡೆ ಹೋಗಬಾರದು, ಕತ್ತಿ ಇರುವುದೂ ಅಲ್ಲೇ. ಒಬ್ಬ ಆಟೋ ಅಥವಾ ಜೀಪಿನವನ ನಂಬರ್ ಬಾಯಿಪಾಠವಾಗಿರಲಿ. ಗುಟ್ಟಿನ ಮಾತಿಗೆ ಕಾಲ ತಪ್ಪಿದ ತಿನಿಸು ಒಳ್ಳೆಯದು: ಫೆಬ್ರವರಿಯಲ್ಲಿ ‘ಕಳಲೆ ಇದೆಯಾ, ಸ್ವಲ್ಪ ಕಳಿಸು’ ಎಂದು ಫೋನ್ ಬಂದರೆ ಜೀಪ್ ಹೊರಡಬೇಕು ಎಂದರ್ಥ. ಪಕ್ಕದಲ್ಲಿ ನಿಂತ ಅವನಿಗೆ ಅದು ಹೆಂಗಸರ ಅಡುಗೆ ಮಾತು.

ಹೊರಡುವಾಗ ಅವಳಿಗೆ ಬೇಕಾಗುವ ಸಾಮಾನಿನ ಚೀಲ ನಿಮ್ಮ ಮನೆಯಲ್ಲಿರಲಿ. ಆಧಾರ್, ಮದುವೆ ಪತ್ರ, ಮಾರ್ಕ್ಸ್ ಕಾರ್ಡ್‌ಗಳ ನಕಲು, ಮಗುವಿದ್ದರೆ ಜನನ ಪತ್ರ ಮತ್ತು ಲಸಿಕೆ ಕಾರ್ಡ್, ದಿನಾ ನುಂಗುವ ಮಾತ್ರೆ, ಹಳೆಯ ಕೀಪ್ಯಾಡ್ ಫೋನ್, ಎರಡು ಜೊತೆ ಬಟ್ಟೆ, ನೂರರ ನೋಟುಗಳಲ್ಲಿ ಎರಡು ಮೂರು ಸಾವಿರ. ಕಾಗದಗಳ ಅಸಲನ್ನು ಒಂದೇ ದಿನ ತೆಗೆಯಬಾರದು, ಬೀರು ಖಾಲಿ ಕಂಡರೆ ಅವನಿಗೆ ಗೊತ್ತಾಗುತ್ತದೆ. ವಾರಕ್ಕೊಂದು, ಪಡಿತರಕ್ಕೆ ಬೇಕು, ಬ್ಯಾಂಕಿನವರು ಕೇಳಿದರು ಎಂಬ ನೆಪದಲ್ಲಿ ಹೊರಬರಲಿ.

ಇಷ್ಟೆಲ್ಲ ಆಗಿ, ಅವಳು ಬಂದು, ಹತ್ತು ದಿನ ಇದ್ದು, ಅವನು ಗೇಟಿನ ಹತ್ತಿರ ಅತ್ತ ಮೇಲೆ ಅವನ ಬೈಕಿನ ಹಿಂದೆ ಕೂತು ವಾಪಸ್ ಹೋಗಬಹುದು. ಎಷ್ಟೋ ಜನ ಒಂದಕ್ಕಿಂತ ಹೆಚ್ಚು ಸಲ ಹೋಗುತ್ತಾರೆ. ಹೊಟ್ಟೆ ಉರಿಯುತ್ತದೆ, ‘ಇನ್ನು ನನ್ನ ಹತ್ರ ಬರಬೇಡ’ ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ. ನುಂಗಿಕೊಳ್ಳಿ. ಚೀಲದೊಳಗಿನ ಮಾತ್ರೆಯ ತಾರೀಖು ನೋಡಿ, ಫೋನಿಗೆ ಚಾರ್ಜ್ ಹಾಕಿ, ಬಟ್ಟೆಗೆ ಬೂಷ್ಟು ಹಿಡಿಯದ ಹಾಗೆ ಬಿಸಿಲಿಗೆ ಒಮ್ಮೆ ಆಡಿಸಿ, ಮತ್ತೆ ಅಟ್ಟದ ಮೇಲೆ ಇಡಿ.